ಕಾಶಿಯಲ್ಲಿ ಬಿಟ್ಟ ಶೇಂಗಾ

ತಮಗೆ ಎರಡು ಮುಖಗಳಿವೆ ಎಂದು ಮಾರ್ತಾಂಡರಾವ ಹೆಬಸೂರ ಅವರೇ ಹೇಳಿಕೊಳ್ಳುತ್ತಿದ್ದರು. ಒಂದು, ದಿನಾ ಬೆಳಿಗ್ಗೆ ಪುಣೆಯ ಕಾಲುವೆ ಕಚೇರಿಗೆ ಹೋಗುವ ಮುಖ. ಉದ್ದ ಮೂಗು, ಗುಳಿಬಿದ್ದ ಗಲ್ಲ, ಮೇಲೊಂದು ಕೆಂಪು ಪಗಡಿ. ಇನ್ನೊಂದು ಶೇಂಗಾ ತಿಂದ ಮುಖ. ಆ ಮುಖದಲ್ಲಿ ಕಣ್ಣು ಎಲ್ಲಿವೆ, ಮೂಗು ಎಲ್ಲಿದೆ ಎಂದು ಹುಡುಕಬೇಕಾಗುತ್ತಿತ್ತು. ತುಟಿಗಳು ಮಾತ್ರ ಮೂರು ಮಂದಿಗೆ ಸಾಲುವಷ್ಟು ಇರುತ್ತಿದ್ದವು.

"ಹೆಣ್ಣು ನೋಡ್ಲಿಕ್ಕೆ ಹೋದಾಗ ನಮ್ಮಪ್ಪ ಮೊದಲನೇ ಮುಖಾನ ತೋರಿಸಿದ, ಪುಣ್ಯಾತ್ಮ," ಎಂದು ಹೆಂಡತಿ ಗೋದಾಬಾಯಿಯ ಎದುರಿಗೇ ಹೇಳುವರು.

"ಎರಡನೇದು ತೋರಿಸಿದ್ರೂ ನಮ್ಮಪ್ಪ ಕೊಡ್ತಿದ್ದ ಬಿಡ್ರಿ. ಗಲ್ಲಾ ತುಂಬಿಕೊಂಡು ಇದಕ್ಕಿಂತ ಛಲೋ ಕಾಣಸ್ತೀರಿ," ಎಂದು ಆಕೆ ಅಕ್ಕಿ ಆರಿಸುತ್ತಲೇ ಹೇಳುವಳು.

ರಾಯರಿಗೆ ಒಂದೇ ಒಂದು ಶೇಂಗಾ ಬೀಜ ಸಾಕಾಗಿತ್ತು. ಮೊದಲು ಅಂಗುಳ ತುರಿಸುವುದು, ಆಮೇಲೆ ತುಟಿ ದಪ್ಪಗಾಗುವುದು, ಮೈತುಂಬ ದದ್ದು ಏಳುವುದು, ಕೊನೆಗೆ ಉಸಿರು ಗಂಟಲಲ್ಲಿ ಸಿಕ್ಕಿಕೊಂಡು ಸೀಟಿ ಊದುವುದು. ಹುಬ್ಬಳ್ಳಿ ಹತ್ತಿರದ ಹೆಬಸೂರಿನಲ್ಲಿ ಅವರು ಚಿಕ್ಕವರಿದ್ದಾಗ ಹೀಗಾದಾಗಲೆಲ್ಲ ತಾಯಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ವೈದ್ಯರು ಪಿತ್ತ ಎನ್ನುತ್ತಿದ್ದರು. ಶೇಂಗಾ ತಿನ್ನಿಸಬೇಡಿ ಎಂದು ಮಾತ್ರ ಒಬ್ಬ ಮಹಾನುಭಾವನೂ ಹೇಳಲಿಲ್ಲ. ಹೇಗೆ ಹೇಳಿಯಾರು? ಹೊಲದ ತುಂಬ ಶೇಂಗಾ, ತಾಟಿನ ತುಂಬ ಶೇಂಗಾ ಚಟ್ನಿ, ಹಬ್ಬ ಬಂದರೆ ಶೇಂಗಾ ಹೋಳಿಗೆ. ಅಂಥ ಸೀಮೆಯಲ್ಲಿ ಹುಟ್ಟಿ ಶೇಂಗಾ ಮೈಗೆ ಆಗುವುದಿಲ್ಲ ಎಂದರೆ ಹೆತ್ತವರಿಗೆ ಕೆಟ್ಟ ಹೆಸರು.

ಪುಣೆಯಲ್ಲಿ ನೌಕರಿ ಸಿಕ್ಕಾಗ ರಾಯರು, ಅಂತೂ ಪಾರಾದೆ ಎಂದುಕೊಂಡು ರೈಲು ಹತ್ತಿದರು. ಶುದ್ಧ ದಡ್ಡತನ. ಧಾರವಾಡ ಕಡೆಯ ಶೇಂಗಾ ಕಣ್ಣಿಗೆ ಕಾಣುವಂತೆ ಎದುರಿಗೆ ಬರುತ್ತದೆ. ಪುಣೆಯ ಶೇಂಗಾ ಹುರಿದು ಕುಟ್ಟಿ ಪುಡಿಯಾಗಿ, ವೇಷ ಮರೆಸಿಕೊಂಡು ಬರುತ್ತದೆ. ಕೋಸಂಬರಿಯಲ್ಲಿ ಅದೇ, ಪಲ್ಯದಲ್ಲಿ ಅದೇ, ಏಕಾದಶಿಯ ಸಾಬೂದಾಣಿ ಉಸುಳಿಯಲ್ಲಂತೂ ಅದರದೇ ರಾಜ್ಯ. ಊರೆಲ್ಲ ಉಪವಾಸದ ಹೆಸರಿನಲ್ಲಿ ಹೊಟ್ಟೆ ಬಿರಿಯ ತಿನ್ನುವ ದಿನ ರಾಯರು ಎರಡು ಬಾಳೆಹಣ್ಣಿನ ಮೇಲೆ ನಿಜವಾದ ಉಪವಾಸ ಮಾಡುತ್ತಿದ್ದರು. ಪುಣ್ಯ ಬಂತೋ ಇಲ್ಲವೋ, ಹಸಿವಂತೂ ಬರುತ್ತಿತ್ತು.

ಮೊದಲ ಪೇಚು ಸಾವಿರದ ಒಂಬೈನೂರ ಹದಿನೇಳನೆಯ ಇಸವಿಯಲ್ಲಿ. ಕಚೇರಿಯಲ್ಲಿ ರಾಯರದು ಟ್ರೇಸರ್ ಕೆಲಸ. ಎಂಜಿನಿಯರರು ಬರೆದ ನಕ್ಷೆಯ ಮೇಲೆ ತೆಳುವಾದ ಮೇಣಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆ ಮಸಿಯಿಂದ ಗೆರೆ ಎಳೆಯುವುದು. ಆ ವಿಭಾಗದ ಹಿರಿಯರು ಅಪ್ಪಾಸಾಹೇಬರು. ಅವರ ಮಗಳ ಮದುವೆ. ರಾಯರು ಮಡಿ ಉಟ್ಟು ಪಂಕ್ತಿಯಲ್ಲಿ ಕೂತರು. ಎಲೆಯ ಸುತ್ತ ರಂಗೋಲಿ, ಪಕ್ಕದಲ್ಲಿ ಊದುಬತ್ತಿ. ಕೋಸಂಬರಿಯನ್ನು ರಾಯರು ಮುಟ್ಟಲಿಲ್ಲ. ಕೆಸುವಿನ ಸೊಪ್ಪಿನ ಪಲ್ಯವನ್ನು ಮಾತ್ರ ನಂಬಿದರು. ಸೊಪ್ಪಿನಲ್ಲಿ ಏನು ಮಹಾ ಇದ್ದೀತು ಎಂದು. ಇತ್ತು. ಮೆತ್ತಗೆ ಬೆಂದ ಶೇಂಗಾ ಬೀಜ, ಹಸಿರು ಗೊಜ್ಜಿನಲ್ಲಿ ಮುಳುಗಿ, ಸದ್ದಿಲ್ಲದೆ ಕಾಯುತ್ತಿತ್ತು.

ಜಿಲೇಬಿ ಬರುವ ಹೊತ್ತಿಗೆ ರಾಯರ ಎರಡನೆಯ ಮುಖ ಹಾಜರಾಗಿತ್ತು. ಎದುರು ಸಾಲಿನ ಮುದುಕರೊಬ್ಬರು ಅದನ್ನು ನೋಡಿ ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತರು. ರಾಯರು ಸೀಟಿ ಊದತೊಡಗಿದಾಗ ಯಾರೋ "ವಿಷ!" ಎಂದುಬಿಟ್ಟರು. ಮುಗಿಯಿತು. ಇನ್ನೂರು ಜನ ಒಟ್ಟಿಗೆ ಎಲೆಯಿಂದ ಕೈ ತೆಗೆದರು. ಮೂರು ಕೊಪ್ಪರಿಗೆ ಜಿಲೇಬಿ ಹಾಗೇ ಉಳಿಯಿತು. ಬೀಗರು ಮುಖ ತಿರುಗಿಸಿದರು. ರಾತ್ರಿಯೊಳಗೆ ರಾಯರ ಮುಖ ಇಳಿಯಿತು, ಅಪ್ಪಾಸಾಹೇಬರ ಸಿಟ್ಟು ಇಳಿಯಲಿಲ್ಲ. ಆ ಮಳೆಗಾಲದಿಂದ ರಾಯರ ಮೇಜಿಗೆ ಬಂದದ್ದೆಲ್ಲ ಊರಿನ ಗಟಾರಗಳ ನಕ್ಷೆ. ಯಾವ ಪೇಠೆಯ ಹೊಲಸು ಯಾವ ಮೂಲೆಯಿಂದ ಹೊರಟು ಎಲ್ಲಿ ಸೇರುತ್ತದೆ ಎಂಬುದು ಅವರಿಗೆ ಬಾಯಿಪಾಠವಾಯಿತು.

ಮುಂದಿನ ಊಟಕ್ಕೆ, ಸಹೋದ್ಯೋಗಿ ದಿಗಂಬರನ ತಮ್ಮನ ಮುಂಜಿವೆಯಲ್ಲಿ, ರಾಯರು ನಿಜ ಹೇಳಿ ನೋಡಿದರು. "ನನಗೆ ಶೇಂಗಾ ಆಗೋದಿಲ್ಲ, ಮೈಗೆ ತ್ರಾಸಾಗುತ್ತದೆ," ಎಂದು ಮರಾಠಿಯಲ್ಲಿ ವಿನಯದಿಂದ ಹೇಳಿದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಧಾರವಾಡದವನಿಗೆ ಶೇಂಗಾ ಆಗುವುದಿಲ್ಲವಂತೆ! ಸಂಕೋಚದ ಪ್ರಾಣಿ ಎಂದು ತಿಳಿದು ಬಡಿಸುವವರು ಮೊಸರು ಕಲಸಿದ ಕೋಸಂಬರಿಯನ್ನು ಎರಡು ಸೌಟು ಹೆಚ್ಚಿಗೆ ಹಾಕಿದರು. ಎಲೆಯಲ್ಲಿ ಬಿಟ್ಟರೆ ಅನ್ನಕ್ಕೆ ಅವಮಾನ, ಎಲ್ಲರಿಗಿಂತ ಮುಂಚೆ ಎದ್ದರೆ ಪಂಕ್ತಿಗೆ ಅವಮಾನ. ಮಡಿಯ ಪಂಚೆಗೆ ಕಿಸೆಯಾದರೂ ಇರುತ್ತದೆಯೇ? ರಾಯರು ಕೋಸಂಬರಿಯನ್ನು ಎಲೆಯ ಅಡಿಗೆ ತಳ್ಳಿದರು. ಅದು ಮೊಸರಿನ ಹೊಳೆಯಾಗಿ ಪಕ್ಕದವರ ಮಣೆಯ ಕಡೆಗೆ ಹರಿಯಿತು. ಕಾಲುವೆ ಕಚೇರಿಯವನು ಹೋದಲ್ಲೆಲ್ಲ ಕಾಲುವೆ ತೋಡುತ್ತಾನೆ ಎಂದು ದಿಗಂಬರ ಒಂದು ತಿಂಗಳು ಹೇಳಿಕೊಂಡು ತಿರುಗಿದ.

ಮೂರನೆಯ ಊಟದಲ್ಲಿ ಆ ಮಾತು ಬಾಯಿಂದ ಬಿತ್ತು. ಸದಾಶಿವ ಪೇಠೆಯ ಒಂದು ದೊಡ್ಡ ವಾಡೆ. ಮನೆಯ ಯಜಮಾನರೇ ಕೋಸಂಬರಿಯ ಪಾತ್ರೆ ಹಿಡಿದು ಎದುರಿಗೆ ಬಗ್ಗಿ ನಿಂತಿದ್ದಾರೆ. ಬೇಡವೆಂದರೆ ಬಿಡುವ ಆಸಾಮಿಯಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬಡಿಸುವವರು. ಸೌಟು ಇಳಿಯುತ್ತಿದೆ. ರಾಯರಿಗೆ ಜೀವ ಬಾಯಿಗೆ ಬಂತು.

"ಶೇಂಗಾ ಕಾಶಿಯಲ್ಲಿ ಬಿಟ್ಟು ಬಂದಿದ್ದೇನೆ!" ಎಂದರು.

ಸೌಟು ಗಾಳಿಯಲ್ಲೇ ನಿಂತಿತು.

ಕಾಶಿಗೆ ಹೋದವರು ತಮಗೆ ಪ್ರೀತಿಯಾದ ಒಂದು ಪದಾರ್ಥವನ್ನು ಗಂಗೆಯ ದಡದಲ್ಲಿ ಬಿಟ್ಟು ಬರಬೇಕು, ಜೀವ ಇರುವವರೆಗೆ ಮತ್ತೆ ಮುಟ್ಟಬಾರದು. ಇದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಯಜಮಾನರು ಪಾತ್ರೆಯನ್ನು ಕೆಳಗಿಟ್ಟು ಕೈ ಮುಗಿದರು. ಪಕ್ಕದವರು ಕೊಂಚ ಸರಿದು ಕೂತರು. ಈ ಸಣ್ಣ ವಯಸ್ಸಿಗೆ ಕಾಶಿಯಾತ್ರೆ! ಮೈಗೆ ಆಗುವುದಿಲ್ಲ ಎಂದಾಗ ನಕ್ಕ ಅದೇ ಪುಣೆ, ದೇವರಿಗೆ ಬಿಟ್ಟಿದ್ದೇನೆ ಎಂದಾಗ ಅಡ್ಡಬಿತ್ತು. ರಾಯರು ಕಾಶಿಗೆ ಹೋಗುವುದಿರಲಿ, ಪುಣೆಯಿಂದ ಉತ್ತರಕ್ಕೆ ಭೋಸರಿ ಹಳ್ಳಿಯನ್ನೂ ದಾಟಿದವರಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಅದೊಂದು ಸಣ್ಣ ಸುಳ್ಳು. ಆದರೆ ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೆಂಪು ಮಡಿಸೀರೆ, ತಲೆಯ ಮೇಲೆ ಸೆರಗು, ಮೊಣಕೈತನಕ ಹಿಟ್ಟು. ಮದುವೆ ಮುಂಜಿವೆಗಳಿಗೆ ಅಡುಗೆ ಮಾಡುವ ಗೌರಾಬಾಯಿ. ರಾಯರು ಕೈತೊಳೆಯಲು ಹಿತ್ತಲಿಗೆ ಹೋದಾಗ ಹಿಂದೆಯೇ ಬಂದು ಕನ್ನಡದಲ್ಲಿ ಕೇಳಿದಳು.

"ಯಾವೂರೋ ತಮ್ಮಾ ನಿಂದು?"

"ಹೆಬಸೂರ್ರೀ."

"ನಂದು ನವಲಗುಂದ. ಹದಿನಾರಕ್ಕ ಗಂಡನ್ನ ಕಳಕೊಂಡು ಬಂದಾಕಿ, ಈ ಊರಾಗ ನಲವತ್ತು ವರ್ಷ ಸೌಟು ಹಿಡದೀನಿ. ಕಾಶಿ ನೋಡಿದ ಕಣ್ಣು ನಿನ್ನವು, ಒಂದೀಟು ಈ ಕಡೆ ಮಾಡು." ಎಂದವಳೇ ರಾಯರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ರಾಯರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಗೌರಾಬಾಯಿ ಇರುತ್ತಿದ್ದದ್ದು ರಾಯರು ಬಾಡಿಗೆಗಿದ್ದ ವಾಡೆಯ ಹಿಂದಿನ ಓಣಿಯಲ್ಲೇ, ಒಂದು ಸಣ್ಣ ಖೋಲಿಯಲ್ಲಿ. ಅಂದಿನಿಂದ ಆಕೆ ಯಾವ ಮನೆಯಲ್ಲಿ ಅಡುಗೆ ಮಾಡಿದರೂ ರಾಯರಿಗೆಂದು ಬೇರೆ ಬಟ್ಟಲು ಎತ್ತಿಡುತ್ತಿದ್ದಳು. ಶೇಂಗಾ ಹಾಕುವ ಮುಂಚೆಯೇ ತೆಗೆದ ಕೋಸಂಬರಿ, ಬೇರೆ ಪಲ್ಯ, ಬೇರೆ ಸೌಟು. ಬಡಿಸುವವರಿಗೆ ತಾಕೀತು: "ಅವನ ವ್ರತ ಮುರದ್ರ ಪಾಪ ನನ್ನ ತಲಿಮ್ಯಾಲೆ." ಹತ್ತು ವರ್ಷ, ಪುಣೆಯ ಯಾವ ಪಂಕ್ತಿಯಲ್ಲೂ ರಾಯರ ತುಟಿ ಊದಲಿಲ್ಲ. ಕಚೇರಿಯಲ್ಲಿ ಹೆಸರೇ ಬದಲಾಯಿತು: ಕಾಶೀಕರ. ಅಪ್ಪಾಸಾಹೇಬರು ಗಟಾರದ ನಕ್ಷೆ ತಪ್ಪಿಸಿ ಆಣೆಕಟ್ಟಿನ ನಕ್ಷೆ ಕೊಟ್ಟರು. ಯಾರಾದರೂ ಗಂಗಾಜಲ ಕೇಳಿದರೆ ಹಂಚಿ ಮುಗಿಯಿತು ಎನ್ನುವುದು, ಕಾಶಿಗೆ ನಿಜವಾಗಿ ಹೋಗಿಬಂದವರು ಎದುರಾದರೆ ಚಪ್ಪಲಿ ಹರಿದಿದೆ ಎಂದು ಓಣಿ ತಿರುಗುವುದು, ಇವಿಷ್ಟು ರಾಯರ ನಿತ್ಯಕರ್ಮದಲ್ಲಿ ಸೇರಿದವು.

ಶನಿವಾರ ಸಂಜೆ ಮಾತ್ರ ತಿರುಗಲು ಓಣಿ ಇರಲಿಲ್ಲ. ಅವತ್ತು ಗೌರಾಬಾಯಿ ಕೆಲಸ ಮುಗಿಸಿ, ಖೋಲಿಯ ಮೆಟ್ಟಿಲ ಮೇಲೆ ಕೂತು, "ಬಾರೋ ಮಾರ್ತಾಂಡ, ಒಂದೀಟು ಕಾಶಿ ಹೇಳು," ಎನ್ನುವಳು. ಆಕೆಯ ಸೊಂಟದಲ್ಲಿ ಒಂದು ಸಣ್ಣ ಅರಿವೆಯ ಗಂಟು ಇರುತ್ತಿತ್ತು. ಅದರಲ್ಲಿ ಹಿಡಿಯಷ್ಟು ಹುರಿದ ಶೇಂಗಾ, ಒಂದು ಚೂರು ಬೆಲ್ಲ. ಊರಿಗೆಲ್ಲ ಜಿಲೇಬಿ, ಶ್ರೀಖಂಡ ಮಾಡುವ ಹೆಂಗಸಿಗೆ ದಿನದಲ್ಲಿ ಇದೊಂದೇ ತನ್ನದು ಎನ್ನುವ ತಿನಿಸು. ಉಳಿದದ್ದೆಲ್ಲ ಒಂದು ಹೊತ್ತಿನ ಊಟ, ಅದೂ ಎಲ್ಲರದೂ ಆದಮೇಲೆ. ಗಂಟು ಬಿಚ್ಚುವ ಮುಂಚೆ ಆಕೆ ರಾಯರಿಗೆ ಬೆನ್ನು ಮಾಡಿ ಕೂಡುವಳು.

"ನೀ ಬಿಟ್ಟದ್ದನ್ನ ನಿನ್ನ ಕಣ್ಣೆದುರು ತಿನಬಾರದಪ್ಪ. ನೀ ಹೇಳು, ನಾ ಹಿಂಗ ಕೇಳ್ತೀನಿ."

ಆ ಬೆನ್ನಿಗೆ ರಾಯರು ಕಾಶಿ ಹೇಳುತ್ತಿದ್ದರು. ಅವರು ಕಂಡ ದೊಡ್ಡ ಘಾಟೆಂದರೆ ಪುಣೆಯಲ್ಲೇ ಮುಠಾ ನದಿಯ ಓಂಕಾರೇಶ್ವರದ ಮೆಟ್ಟಿಲು. ಅದನ್ನೇ ಹತ್ತು ಪಟ್ಟು ದೊಡ್ಡದು ಮಾಡಿದರು. ನೀರು ಹೆಚ್ಚಿಸಿದರು, ದೇವಸ್ಥಾನ ಹೆಚ್ಚಿಸಿದರು, ಒಂದು ಅರಳಿಮರವನ್ನು ಇದ್ದಲ್ಲಿಂದ ಎತ್ತಿ ಒಯ್ದು ಗಂಗೆಯ ದಡದಲ್ಲಿ ನೆಟ್ಟರು. ಜೀವಮಾನವೆಲ್ಲ ಬೇರೆಯವರ ಗೆರೆಯ ಮೇಲೆ ಗೆರೆ ಎಳೆದ ಮನುಷ್ಯ. ಸ್ವಂತದ್ದೆಂದು ಕಟ್ಟಿದ ಊರು ಇದೊಂದೇ, ಅದೂ ಬರೀ ಸುಳ್ಳು. ಗೌರಾಬಾಯಿಗೆ ಎಲ್ಲಕ್ಕಿಂತ ಹೆಚ್ಚು ಸೇರಿದ್ದು ಸಂಜೆಯ ಭಾಗ.

"ಮೆಟ್ಟಲ ಮ್ಯಾಲೆ ಕೂತ್ರ, ಎದುರಿಗೆ ಸೂರ್ಯ ಗಂಗಿಯೊಳಗ ಮುಳುಗ್ತಾನ್ರಿ ಗೌರಕ್ಕ. ನೀರೆಲ್ಲಾ ಕುಂಕುಮ."

"ಇನ್ನೊಮ್ಮೆ ಹೇಳು," ಎನ್ನುತ್ತಿತ್ತು ಬೆನ್ನು.

ಮನೆಗೆ ಬಂದರೆ ಗೋದಾಬಾಯಿ ಬಾಗಿಲಲ್ಲೇ ಕೇಳುವಳು. "ಏನ್ರಿ, ಇವತ್ತು ಎಷ್ಟು ಮೆಟ್ಟಲ ಕಟ್ಟಿದ್ರಿ?" ಆಕೆಗೆ ಮದುವೆಯಾಗಿ ಬಂದ ವಾರದಲ್ಲೇ ಎಲ್ಲ ಗೊತ್ತಾಗಿತ್ತು. ನಗುತ್ತಿದ್ದಳು, ಆದರೆ ಒಮ್ಮೆ ನಗದೆಯೂ ಹೇಳಿದಳು: "ಬ್ಯಾರೆಯವರಿಗೆ ಹೇಳಿದ್ದು ಇರ್ಲಿ. ಆ ಜೀವಕ್ಕ ಸುಳ್ಳು ಹೇಳಬ್ಯಾಡ್ರಿ. ಆಕಿ ಅದನ್ನ ನಂಬಿ ಬದುಕ್ಯಾಳ."

ಇಪ್ಪತ್ತೆಂಟರ ಮಾಘಮಾಸದಲ್ಲಿ ಒಂದು ಶನಿವಾರ ಗೌರಾಬಾಯಿ ಬೆನ್ನು ಮಾಡದೆ ಎದುರಿಗೇ ಕೂತಳು. ಮುಖ ಬೆಳಗುತ್ತಿತ್ತು. ನವಲಗುಂದದಿಂದ ಯಾತ್ರೆಯವರ ಗುಂಪೊಂದು ಹೊರಟಿದೆ, ಪುಣೆಯಲ್ಲಿ ಇಳಿದು ಆಕೆಯನ್ನೂ ಕಾಶಿಗೆ ಕರೆದುಕೊಂಡು ಹೋಗುತ್ತದೆ.

"ನನಗ ಓದ್ಲಿಕ್ಕೆ ಬರೂದಿಲ್ಲ. ಚಿತ್ರ ತಿಳೀತದ. ನೀ ನಕ್ಷೆ ತಗಿಯಾಂವ, ನನಗೊಂದು ಕಾಶಿ ತಗದುಕೊಡು. ನೀ ಕೂತ ಮೆಟ್ಟಲ ಎಲ್ಲದ ಅಂತ ಬರಿ, ಅಲ್ಲೇ ಕೂಡ್ತೀನಿ."

ರಾಯರು ಹೂಂ ಎಂದರು. ಕಚೇರಿಯ ಕಪಾಟಿನಲ್ಲಿ ಇದ್ದದ್ದೆಲ್ಲ ಪುಣೆ ಜಿಲ್ಲೆಯ ಕಾಲುವೆಗಳು. ರೈಲಿನ ನಕ್ಷೆಯಲ್ಲಿ ಕಾಶಿಯೆಂದರೆ ಒಂದು ಚುಕ್ಕೆ. ಆದರೂ ಅವರು ಬರೆದರು. ಒಳ್ಳೆಯ ಮೇಣಬಟ್ಟೆ ತಂದು, ಹೊಳೆಗೆ ನೀಲಿ, ಮೆಟ್ಟಿಲಿಗೆ ಕಪ್ಪು, ಅರಳಿಮರಕ್ಕೆ ಹಸಿರು ಹಾಕಿ, ಹೊಳೆಯ ಆಚೆ ದಡದಲ್ಲಿ ಮುಳುಗುವ ಒಂದು ಕೆಂಪು ಸೂರ್ಯನನ್ನೂ ಬರೆದರು. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಬೇರೆ! ಕೈಕೆಲಸಕ್ಕೆ ಅಪ್ಪಾಸಾಹೇಬರೇ ಶಾಬಾಸ್ ಎನ್ನುವಂತಿತ್ತು.

ಗೋದಾಬಾಯಿ ಅದನ್ನು ನೋಡಿ ಕೆಂಡವಾದಳು. "ನಾಚಿಕಿ ಅದ ಏನ್ರಿ ನಿಮಗ? ಅರವತ್ತು ದಾಟಿದ ಮುದುಕಿ ಇದನ್ನ ಹಿಡಕೊಂಡು ಕಂಡಿಲ್ಲದ ಊರಾಗ ತಿರಗ್ಲೇನು? ಈಗ ಹೋಗಿ ಖರೇ ಹೇಳ್ರಿ."

"ಹೇಳಿದ್ರ ಆಕಿ ಮುಖಾ ಹೆಂಗ ನೋಡ್ಲಿ?"

"ಹೇಳದಿದ್ರ ಹೆಂಗ ನೋಡ್ತೀರಿ?"

ರಾಯರು ನಕ್ಷೆಯನ್ನು ಸುರುಳಿ ಸುತ್ತಿಟ್ಟರು. ಬಟ್ಟಲು ಹೋದೀತೆಂಬ ಭಯವೇ ಎಂದು ತಮ್ಮನ್ನು ತಾವೇ ಕೇಳಿಕೊಂಡರು. ಅದೂ ಸ್ವಲ್ಪ ಇತ್ತು, ಸುಳ್ಳೇಕೆ. ಆದರೆ ಹತ್ತು ವರ್ಷ ಆಕೆ ತನ್ನ ಮಡಿ ಮೈಲಿಗೆಗಿಂತ ಹೆಚ್ಚಾಗಿ ಕಾಯ್ದ ವ್ರತವೇ ಸುಳ್ಳೆಂದು ತಿಳಿದರೆ, ಪುಣೆಯಲ್ಲಿ ತಮ್ಮನ್ನು 'ತಮ್ಮಾ' ಎನ್ನುವ ಒಂದೇ ಒಂದು ಬಾಯಿ ಮುಚ್ಚಿಹೋಗುತ್ತದೆ. ಆ ಭಯಕ್ಕೆ ನಿದ್ದೆ ಬರಲಿಲ್ಲ.

ಹೊರಡುವ ದಿನ ಸ್ಟೇಶನ್ನಿನಲ್ಲಿ ಗೌರಾಬಾಯಿ ನಕ್ಷೆಯನ್ನು ಮಡಚಿ, ಅರಿವೆಯಲ್ಲಿ ಹೊಲಿದು, ಶೇಂಗಾದ ಗಂಟಿನ ಪಕ್ಕದಲ್ಲೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಗೋದಾಬಾಯಿ ಹಿಂದಿನಿಂದ ಗಂಡನ ಬೆನ್ನು ಚಿವುಟಿದಳು.

"ಗೌರಕ್ಕ," ಎಂದರು ರಾಯರು. "ಆ ನಕ್ಷೆ... ಭಾಳ ನಂಬಬ್ಯಾಡ್ರಿ. ಊರು ಬದಲಾಗಿರ್ಬೇಕು."

"ಕಾಶಿ ಯಾಕ ಬದಲಾಗ್ತದೋ ಹುಚ್ಚಾ? ಹತ್ತು ವರ್ಷ ನಿನ್ನ ಬಾಯಾಗ ನೋಡೀನಿ. ಈಗ ಕಣ್ಣಿಲೆ ನೋಡಿ ಬರ್ತೀನಿ," ಎಂದು ಆಕೆ ರಾಯರ ತಲೆಯ ಮೇಲೆ ಕೈಯಿಟ್ಟು ಗಾಡಿ ಹತ್ತಿದಳು.

ಗಾಡಿ ಕಣ್ಮರೆಯಾಗುವವರೆಗೂ ರಾಯರು ಅಲ್ಲೇ ನಿಂತರು.

ಮುಂದಿನ ಎರಡು ತಿಂಗಳು ಮದುವೆಯ ಕಾಲ. ಕರೆದ ಊಟಕ್ಕೆಲ್ಲ ರಾಯರು ಹೊಟ್ಟೆನೋವು ಎಂದು ಹೇಳಿಕಳಿಸಿದರು. ಬಟ್ಟಲು ಎತ್ತಿಡುವವರು ಊರಲ್ಲಿರಲಿಲ್ಲ ಎಂಬುದು ಒಂದು. ಕಾಶೀಕರ ಎಂದು ಯಾರಾದರೂ ಕರೆದರೆ ಮೈಯೆಲ್ಲ ದದ್ದು ಎದ್ದಂತಾಗುತ್ತಿತ್ತು ಎಂಬುದು ಇನ್ನೊಂದು. ಕನಸಿನಲ್ಲಿ ಗೌರಾಬಾಯಿ ನಕ್ಷೆ ಹಿಡಿದು ಕಾಶಿಯ ಓಣಿಗಳಲ್ಲಿ ಒಂದು ಅರಳಿಮರವನ್ನು ಕೇಳುತ್ತ ತಿರುಗುತ್ತಿದ್ದಳು. ಆ ಮರವೋ, ಪುಣೆಯಲ್ಲೇ ಇತ್ತು.

ಚೈತ್ರದಲ್ಲಿ ಗೌರಾಬಾಯಿ ಬಂದಳು. ಬಂದ ಮರುದಿನವೇ ಕರೆ ಕಳಿಸಿದಳು, ಇಬ್ಬರೂ ಬರಬೇಕೆಂದು. ರಾಯರು ಗಲ್ಲುಗಂಬಕ್ಕೆ ಹೋಗುವವರಂತೆ ಹೋದರು. ಈ ಸಲ ಹೇಳಿಯೇ ತೀರಬೇಕೆಂದು ಗಟ್ಟಿಮಾಡಿಕೊಂಡಿದ್ದರು. ಖೋಲಿಯಲ್ಲಿ ಗಂಗಾಜಲದ ಗಿಂಡಿ, ಅದರ ಮುಂದೆ ದೀಪ. ಗೌರಾಬಾಯಿ ಕಪ್ಪಾಗಿದ್ದಳು, ಸೊರಗಿದ್ದಳು. ಇಬ್ಬರ ಕೈಗೂ ಕಾಶಿಯ ದಾರ ಕಟ್ಟಿ, ಸೊಂಟದಿಂದ ನಕ್ಷೆ ತೆಗೆದು ರಾಯರ ಮುಂದೆ ಹಾಸಿದಳು. ನೀರು ತಾಗಿ ನೀಲಿ ಎಲ್ಲೆಡೆ ಹರಡಿತ್ತು. ಕೆಂಪು ಸೂರ್ಯ ಮಾತ್ರ ಇದ್ದಲ್ಲೇ ಇದ್ದ.

"ಗೌರಕ್ಕ, ನಾ ಒಂದು ಮಾತು..." ಎಂದು ರಾಯರು ಶುರುಮಾಡಿದರು.

"ಮೊದಲು ನಾ ಹೇಳ್ತೀನಿ. ಅರಳಿಮರ ಸಿಗ್ಲಿಲ್ಲ. ಇರ್ಲಿ, ಕಡದಿರ್ಬೇಕು ಅಂದೆ. ನೀ ಹೇಳಿದ ಮೆಟ್ಟಲ ಸಿಗ್ಲಿಲ್ಲ. ಇರ್ಲಿ, ಹೊಳಿ ಬಂದು ಹೋಗಿರ್ಬೇಕು ಅಂದೆ. ಸಂಜೀಕ ಎಲ್ಲಾರೂ ಗುಡಿಗೆ ಹೋದ್ರು. ನಾ ಒಲ್ಲೆ ಅಂದು ನೀರ ಹತ್ರ ಕೂತೆ, ಸೂರ್ಯ ಗಂಗಿಯೊಳಗ ಮುಳುಗೂದು ನೋಡ್ಲಿಕ್ಕೆ. ಕೂತೆ, ಕೂತೆ. ಎದುರಿಗೆ ಕತ್ತಲಾತು. ಸೂರ್ಯ ಎಲ್ಲಿ ಅಂತ ತಿರುಗಿ ನೋಡಿದ್ರ, ನನ್ನ ಬೆನ್ನಹಿಂದ, ಮನಿಗಳ ಹಿಂದ ಮುಳುಗಿ ಹೋಗಿದ್ದ! ಬಾಜೂಕ ಕೂತ ಅಂಬಿಗನ್ನ ಕೇಳಿದೆ. ಕಾಶ್ಯಾಗ ಸೂರ್ಯ ಹೊಳಿಯೊಳಗ ಹುಟ್ತಾನ, ಯಾವತ್ತೂ ಮುಳುಗೂದಿಲ್ಲ ಅಂದ." ನಕ್ಷೆಯ ಕೆಂಪು ಸೂರ್ಯನ ಮೇಲೆ ಬೆರಳಿಟ್ಟು ಕೇಳಿದಳು. "ಆ ಊರಾಗ ಒಂದು ಸಂಜಿ ಇದ್ದಾಂವಗ ಇದು ತಪ್ಪೂದಿಲ್ಲ. ನೀ ಕಾಶಿಗೆ ಹೋಗೇ ಇಲ್ಲ. ಹೌದಿಲ್ಲೋ?"

"ಇಲ್ರೀ ಗೌರಕ್ಕ," ಎಂದರು ರಾಯರು. ಆಮೇಲೆ ತುಟಿಯಿಂದ ಹಿಡಿದು ಸೀಟಿಯವರೆಗೆ, ವಿಷವೆಂದು ಎದ್ದ ಪಂಕ್ತಿಯಿಂದ ಹಿಡಿದು ಸೌಟಿನವರೆಗೆ ಎಲ್ಲವನ್ನೂ ಹೇಳಿದರು. ತಲೆ ಎತ್ತಲಿಲ್ಲ.

"ಹತ್ತು ವರ್ಷ!" ಗೌರಾಬಾಯಿಯ ದನಿ ಏರಿತು. "ಹತ್ತು ವರ್ಷ ನನ್ನ ಕಡಿಂದ ಬ್ಯಾರೆ ಬಟ್ಟಲ ಮಾಡಿಸಿದ್ಯಲ್ಲೋ! ಮೈಗೆ ಆಗೂದಿಲ್ಲ ಅಂತ ನನಗರ ಹೇಳಿದ್ರ ಮಾಡ್ತಿದ್ದಿಲ್ಲೇನು?"

"ಮಾಡ್ತಿದ್ರೇನ್ರಿ?" ಎಂದು ರಾಯರು ಮೆಲ್ಲಗೆ ಕೇಳಿದರು.

ಗೌರಾಬಾಯಿ ಯೋಚಿಸಿದಳು. ಕಾಶಿಗೆ ಹೋಗಿಬಂದ ಮೇಲೆ ಸುಳ್ಳು ಹೇಳುವ ಹಾಗಿರಲಿಲ್ಲ. "ಇಲ್ಲ," ಎಂದಳು. "ನಖರಾ ಮಾಡ್ತಾನ ಅಂತ ಎರಡು ಸೌಟು ಹೆಚ್ಚಿಗಿ ಹಾಕ್ತಿದ್ದೆ."

ಮೊದಲು ಗೋದಾಬಾಯಿ ಕಿಸಕ್ಕನೆ ನಕ್ಕಳು. ಆಮೇಲೆ ಗೌರಾಬಾಯಿ ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ರಾಯರು ನಗಬೇಕೋ ಬೇಡವೋ ತಿಳಿಯದೆ ಕಕ್ಕಾಬಿಕ್ಕಿಯಾಗಿ ಕೂತಿದ್ದರು. ಮಾತು ಬದಲಿಸಲೆಂದು, "ನೀವೇನು ಬಿಟ್ಟು ಬಂದ್ರಿ ಗೌರಕ್ಕ?" ಎಂದು ಕೇಳಿದರು.

"ಶೇಂಗಾ."

ರಾಯರಿಗೆ ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. ಆಕೆಯ ಸೊಂಟ ನೋಡಿದರು. ಗಂಟು ಇರಲಿಲ್ಲ.

"ಅಲ್ಲಿ ಪೂಜಿ ಮಾಡ್ಸೋ ಪಂಡಾ ಕೇಳಿದ, ಏನು ಬಿಡ್ತೀ, ಬಾಯಿ, ಅಂತ. ಹಾಗಲಕಾಯಿ ಬಿಡಬೇಕಂತ ಮಾಡಿದ್ದೆ, ನನಗ ಮೊದಲಿಂದ ಸೇರೂದಿಲ್ಲ." ಗೌರಾಬಾಯಿ ನಕ್ಷೆಯನ್ನು ಮತ್ತೆ ಮಡಚತೊಡಗಿದಳು. "ಆದ್ರ ನಿಂದು ಅಲ್ಲೆ ಬಾಕಿ ಉಳದಿತ್ತಲ್ಲೋ. ಕಾಶಿ ಹೆಸರ್ಲೆ ಆಡಿದ ಮಾತು, ಯಾರರ ಒಬ್ರು ಖರೇ ಮಾಡಬೇಕಲ್ಲ. ನಿನ್ನ ಹೆಸರು, ನಿನ್ನ ಗೋತ್ರ ಹೇಳಿ ನೀರು ಬಿಟ್ಟೆ. ಇನ್ನ ನೀ ಸುಳ್ಳಗಾರ ಅಲ್ಲ."

ಹತ್ತು ವರ್ಷ, ತಿನ್ನಲಾಗದ್ದನ್ನು ಬಿಟ್ಟೆನೆಂದು ಹೇಳಿ ಕೈ ಮುಗಿಸಿಕೊಂಡ ಮನುಷ್ಯ ತಾನು. ಇರುವ ಒಂದೇ ಒಂದು ತಿನಿಸನ್ನು ತನಗಾಗಿ ನೀರಿಗೆ ಬಿಟ್ಟು ಬಂದವಳು ಈಕೆ. ರಾಯರು ಏನೋ ಹೇಳಲು ಹೋದರು. ಮಗುವಿನ ಹಾಗೆ ಅತ್ತುಬಿಟ್ಟರು. ಅಳುವಾಗ ತಮ್ಮ ಮೊದಲನೆಯ ಮುಖವೂ ನೋಡುವ ಹಾಗಿರಲಿಲ್ಲ ಎಂದು ಆಮೇಲೆ ಅವರೇ ಹೇಳುತ್ತಿದ್ದರು.

ವೈಶಾಖದಲ್ಲಿ ಅಪ್ಪಾಸಾಹೇಬರ ಎರಡನೆಯ ಮಗಳ ಮದುವೆ. ಅಡುಗೆ ಗೌರಾಬಾಯಿಯದೇ. ಕೋಸಂಬರಿಯ ಪಾತ್ರೆ ಎದುರಿಗೆ ಬಂದಾಗ ರಾಯರು ಎದೆ ಗಟ್ಟಿಮಾಡಿಕೊಂಡು ಇದ್ದದ್ದು ಇದ್ದಂತೆ ಹೇಳಿದರು. ಕಾಶಿಗೆ ತಾನು ಹೋಗಿಲ್ಲ, ಶೇಂಗಾ ತಿಂದರೆ ಮೈ ಊದುತ್ತದೆ, ಹನ್ನೊಂದು ವರ್ಷದ ಹಿಂದೆ ಇದೇ ಮನೆಯಲ್ಲಿ ಜಿಲೇಬಿ ಉಳಿಸಿದ್ದೂ ಅದೇ ಶೇಂಗಾ. ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ನಗು. ಕಾಶೀಕರನ ಮಾನ ಹೋಯಿತು, ಬಡಿಸುವವನಿಗೆ ಹುರುಪು ಬಂತು. ಸೌಟು ತುಂಬಿಕೊಂಡು ಇಳಿಯಿತು.

"ನಿಲ್ಲಸೋ ಕೈ!" ಅಡುಗೆಮನೆಯ ಬಾಗಿಲಿಂದ ಗೌರಾಬಾಯಿ ಕೂಗಿದಳು. ಮೊದಲು ಕನ್ನಡದಲ್ಲಿ, ತಿಳಿಯಲಿಲ್ಲವೆಂದು ಮರಾಠಿಯಲ್ಲಿ. "ಅವನ ಹೆಸರಿನಲ್ಲಿ ನಾನು ಕಾಶಿಯಲ್ಲಿ ಬಿಟ್ಟು ಬಂದಿದ್ದೇನೆ!"

ಸೌಟು ಗಾಳಿಯಲ್ಲೇ ನಿಂತಿತು. ಬೇರೆ ಬಟ್ಟಲು ಬಂತು.

ಸಂಜೆ ಪಂಕ್ತಿಗಳೆಲ್ಲ ಮುಗಿದ ಮೇಲೆ ರಾಯರು ಹಿತ್ತಲಿಗೆ ಹೋದರು. ಗೌರಾಬಾಯಿ ಒಬ್ಬಳೇ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ದಿನವಿಡೀ ಮೂರು ಸೇರು ಶೇಂಗಾ ಹುರಿದು ಕುಟ್ಟಿದ ಕೈ ಅಭ್ಯಾಸದಿಂದ ಸೊಂಟಕ್ಕೆ ಹೋಯಿತು. ಅಲ್ಲಿ ಮತ್ತೆ ಒಂದು ಗಂಟು ಇತ್ತು, ಹಿಂದಿನ ವಾರ ರಾಯರೇ ತಂದುಕೊಟ್ಟದ್ದು. ಹುರಿಗಡಲೆ ಪುಟಾಣಿ ಮತ್ತು ಬೆಲ್ಲ.

ಎರಡು ಕಾಳು ಬಾಯಿಗೆ ಹಾಕಿಕೊಂಡು ಗೌರಾಬಾಯಿ ಮುಖ ಹುಳ್ಳಗೆ ಮಾಡಿದಳು. "ಶೇಂಗಾದ ರುಚಿ ಇದಕ್ಕೆಲ್ಲಿ ಬರಬೇಕು, ಬಿಡು," ಎಂದಳು. ಆಮೇಲೆ ರಾಯರತ್ತ ಬೆನ್ನು ಮಾಡದೆ, ಕಲ್ಲಿನ ಮೇಲೆ ಕೊಂಚ ಸರಿದು ಜಾಗ ಮಾಡಿ, ಗಂಟನ್ನು ಪೂರ್ತಿ ಬಿಚ್ಚಿ ಅವರ ಮುಂದೆ ಹಿಡಿದಳು.

"ತಗೋ ತಮ್ಮಾ. ಇದು ನಿನಗೂ ನಡೀತದ."